ಮೈನಸ್ ಎಪ್ಪತ್ತೊಂದು ನಡುಕ

ಕ್ವಾರಿ ಮಾಲೀಕ ಮಾಯಿಗೌಡರು ಮಗಳ ಮದುವೆಯಲ್ಲಿ ಹಾರಿಸಲೆಂದು ತರಿಸಿದ್ದ ಜ್ವಾಲಾಕ್ಷೇಪಕ ಇಪ್ಪತ್ತು ಅಡಿ ಬೆಂಕಿ ಉಗುಳಿದಾಗ, ಪಕ್ಕದ ಕುರ್ಚಿಗಳಲ್ಲಿ ಸಾಕ್ಷಿಗಳಾಗಿ ಕುಳಿತಿದ್ದ ಅವರದೇ ಐದು ಜನ ಕೆಲಸಗಾರರು ಹಲ್ಲು ಕಿರಿದು ನಕ್ಕರು. ಭಯವಾಯಿತೇ ಎಂದು ಪರವಾನಗಿ ಅಧಿಕಾರಿ ರೇಣುಕಪ್ಪ ಕೇಳಿದ್ದಕ್ಕೆ ಐವರೂ ಒಂದೇ ರಾಗದಲ್ಲಿ ಇಲ್ಲವೆಂದರು. ಆದರೆ ಅವರ ತಲೆಗಳ ಮೇಲೆ ತೂಗುತ್ತಿದ್ದ ಐದು ಕೊಳವೆಗಳು ಸುಯ್ಯೆಂದು ಗಾಳಿ ಎಳೆದುಕೊಂಡವು. ಪರವಾನಗಿ ಕಚೇರಿಯ ಅಂಗಳದ ಗೋಡೆಯ ಪರದೆಯಲ್ಲಿ ‘ಎಂಬತ್ತೆಂಟು ನಡುಕ’ ಎಂದು ಮೂಡಿತು. ಮಾಯಿಗೌಡರು ಮೀಸೆಯ ಮೇಲೆ ಕೈಯಾಡಿಸುತ್ತ ಕೆಲಸಗಾರರ ಕಡೆ ತಿರುಗಿ ನೋಡಿದರು. ಅಂಕಿ ತೊಂಬತ್ತೆರಡಕ್ಕೆ ಏರಿತು.

ಆ ಯಂತ್ರದ ಹೆಸರು ಭಯಮಾಪಕ. ಹೆದರಿದ ಮನುಷ್ಯನ ಬೆವರಿಗೆ ಬೇರೆಯದೇ ಒಂದು ವಾಸನೆ ಇರುತ್ತದೆ. ನಾಯಿಗೆ ಅದು ತಿಳಿಯುತ್ತದೆ, ನಮಗೆ ತಿಳಿಯುವುದಿಲ್ಲ. ಡಾಕ್ಟರ್ ಶ್ರೀವತ್ಸ ಕೆದಿಲಾಯರು ಹನ್ನೊಂದು ವರ್ಷ ಕುಳಿತು ಆ ವಾಸನೆಯನ್ನು ಹಿಡಿಯುವ, ಅಳೆಯುವ ಕೃತಕ ಮೂಗನ್ನು ಕಟ್ಟಿದರು. ಅಳತೆಯ ಮಾನಕ್ಕೆ ‘ನಡುಕ’ ಎಂದು ಹೆಸರಿಟ್ಟರು. ನಾಲ್ಕೈದು ನಡುಕ ಎಂದರೆ ಜಿರಲೆ ಕಂಡಷ್ಟು. ನೂರು ಎಂದರೆ ಎದುರಿಗೆ ಆನೆ, ಬೆನ್ನಿಗೆ ಗೋಡೆ.

ಸರ್ಕಾರಕ್ಕೆ ಈ ಮೂಗು ಬೇಕಾಗಿ ಬಂದದ್ದಕ್ಕೆ ಕಾರಣವಿತ್ತು. ಹಳೆಯ ಕಾಯಿದೆ ಕೋವಿ, ಕತ್ತಿಗಳನ್ನು ಹೆಸರು ಹಿಡಿದು ಹೇಳಿತ್ತು. ಬೆಂಕಿ ಉಗುಳುವ ಯಂತ್ರ, ಬಲೆ ಎಸೆಯುವ ಬಂದೂಕು, ಮಿಂಚು ಹೊಡೆಯುವ ಊರುಗೋಲು ಇವೆಲ್ಲ ಮಾರುಕಟ್ಟೆಗೆ ಬಂದಾಗ ಅದು ಬಾಯಿ ಬಿಡಲಿಲ್ಲ. ಸಾಮಾನ್ಯ ನಾಗರಿಕ ಜ್ವಾಲಾಕ್ಷೇಪಕ ಇಟ್ಟುಕೊಳ್ಳಬಹುದೇ ಎಂಬ ಮೊಕದ್ದಮೆ ಆರು ವರ್ಷ ನಡೆಯಿತು. ಸರ್ಕಾರಿ ವಕೀಲರು ಚಾಪೆಯ ಕೆಳಗೆ ತೂರಿದರೆ ಎದುರು ವಕೀಲರು ರಂಗೋಲಿಯ ಕೆಳಗೆ ತೂರಿದರು. ಇದು ಆಯುಧವಾದರೆ ಅಡುಗೆ ಭಟ್ಟರ ಒಲೆಯೂ ಆಯುಧವೇ ಎಂದು ಒಬ್ಬರು ವಾದಿಸಿದ್ದರಿಂದ ಕೋರ್ಟಿನ ಕ್ಯಾಂಟೀನು ಎರಡು ದಿನ ಮುಚ್ಚಿತ್ತು. ಕೊನೆಗೆ ಹೊಸ ಕಾಯಿದೆ ಬಂತು. ವಸ್ತು ಯಾವುದೇ ಇರಲಿ, ಮಾಲೀಕ ಅದನ್ನು ಹಿಡಿದು ನಡೆಸುವಾಗ ನೋಡುವವರ ಭಯ ನಲವತ್ತು ನಡುಕ ದಾಟಿದರೆ ಅದು ಆಯುಧ, ಪೊಲೀಸ್ ತನಿಖೆಯಾಗದೆ ಪರವಾನಗಿ ಇಲ್ಲ. ದಾಟದಿದ್ದರೆ ಬರೀ ಸಾಮಾನು, ಮನೆಗೆ ಒಯ್ಯಬಹುದು. ಮೂರು ಅಡಿಗಿಂತ ಉದ್ದ ಬೆಂಕಿ ಉಗುಳುವ ಎಲ್ಲವೂ ಪರೀಕ್ಷೆಗೆ ಬರಲೇಬೇಕು.

ಹಾಗೆ ಬಂದವಳು ನಿಂಗಾಜಮ್ಮ. ನಾಗಮಂಗಲದ ಸಂತೆಬೀದಿಯಲ್ಲಿ ಕುರಿ, ಮೇಕೆಗಳ ತಲೆಕಾಲು ಸುಟ್ಟುಕೊಡುವುದು ಅವಳ ಕಸುಬು. ಉಳಿದವರು ಗೇಣುದ್ದದ ಬರ್ನರ್ ಹಿಡಿದು ಒಂದೊಂದೇ ತಲೆಯ ಕೂದಲು ಸುಡುತ್ತ ಕೂತರೆ, ಇವಳ ಹತ್ತಿರ ಎರಡು ಮಾರು ಉದ್ದದ ಜ್ವಾಲೆ ಬಿಡುವ ಬರ್ನರ್ ಇತ್ತು. ಕಬ್ಬಿಣದ ಜಾಲರಿಯ ಮೇಲೆ ನಲವತ್ತು ತಲೆ ಸಾಲಾಗಿಟ್ಟು ಒಮ್ಮೆ ಆಡಿಸಿದರೆ ಮುಗಿಯಿತು. ಯುಗಾದಿಯ ಮಾರನೆಯ ದಿನ ಹೊಸತೊಡಕು. ಬೆಲ್ಲ ತಿಂದ ಬಾಯಿ ಅಂದು ಮಾಂಸ ಕೇಳುತ್ತದೆ, ಅರ್ಧ ತಾಲ್ಲೂಕು ಅವಳ ಮುಂದೆ ನಿಲ್ಲುತ್ತದೆ. ಪರೀಕ್ಷೆಗೆಂದು ಕಚೇರಿಯವರು ವಶಪಡಿಸಿಕೊಂಡಿದ್ದ ಬರ್ನರ್ ಆ ದಿನ ಕೈಗೆ ಬರದಿದ್ದರೆ ಸಂತೆಬೀದಿಯ ಜಾಗವನ್ನು ಬೇರೆಯವರು ಹಿಡಿಯುತ್ತಾರೆ. ಹೊಸತೊಡಕಿಗೆ ಇನ್ನು ಮೂರೇ ದಿನ.

ಆದರೆ ನಿಂಗಾಜಮ್ಮನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿದ್ದುದು ಅದಕ್ಕಲ್ಲ. ಅವಳಿಗೆ ಬೆಂಕಿಯೆಂದರೆ ಭಯ. ಇಪ್ಪತ್ತೆರಡು ವರ್ಷದ ಹಿಂದೆ, ಕಸುಬು ಹಿಡಿದ ಮೊದಲ ವಾರದಲ್ಲೇ ಪೈಪು ಕಳಚಿ ಸೆರಗು ಹತ್ತಿಕೊಂಡಿತ್ತು. ಅಂದಿನಿಂದ ಪ್ರತಿ ಸಲ ಕಡ್ಡಿ ಗೀರುವಾಗಲೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಈ ಸಂಗತಿ ಭೂಮಿಯ ಮೇಲೆ ಒಬ್ಬರಿಗೂ ಗೊತ್ತಿರಲಿಲ್ಲ. ಬೀದಿಗೆ ಅವಳು ಬೆಂಕಿ ನಿಂಗಾಜಮ್ಮ. ಗಂಡ ಬಿಟ್ಟುಹೋದ ಹೆಂಗಸು ಗಂಡಸರ ಸಂತೆಯಲ್ಲಿ ಒಂಟಿಯಾಗಿ ಬದುಕಿದ್ದೇ ಆ ಹೆಸರಿನ ಬಲದಿಂದ. ಕುಡಿದವನು ಅವಳ ಅಂಗಡಿಯ ಮುಂದೆ ಬಂದರೆ ನೆಟ್ಟಗೆ ನಡೆಯುತ್ತಿದ್ದ.

ಇಂಥವಳನ್ನು ಭಯ ಮೂಸುವ ಯಂತ್ರದ ಮುಂದೆ ನಿಲ್ಲಿಸಿದರೆ ಗತಿಯೇನು? ಅವಳು ಬೆಳಗ್ಗೆ ಎರಡು ಸಲ ಸ್ನಾನ ಮಾಡಿ, ಮೈಗೆಲ್ಲ ಗಂಧ ಹಚ್ಚಿ, ಒಂದು ಮಾರು ಮಲ್ಲಿಗೆ ಮುಡಿದು ಬಂದಿದ್ದಳು. ಸಾಲದ್ದಕ್ಕೆ, ಅದು ನನ್ನನ್ನೂ ಮೂಸುತ್ತದೆಯೇ ಎಂದು ರೇಣುಕಪ್ಪನನ್ನು ಮೆಲ್ಲಗೆ ವಿಚಾರಿಸಿದಳು. ಸಾಕ್ಷಿಗಳ ಭಯವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು, ಮಾಲೀಕರದ್ದು ಸೊನ್ನೆ ಎಂದು ಅವರು ಧೈರ್ಯ ಹೇಳಿದ ಮೇಲೆ ಅವಳಿಗೆ ಹೋದ ಜೀವ ಬಂತು.

ಸಾಕ್ಷಿಗಳಾಗಿ ಕೂತವರು ಅವಳ ಬೀದಿಯವರೇ ಐದು ಜನ. ನಿಂಗಾಜಮ್ಮ ಪೈಪನ್ನು ಮೂರು ಸಲ ಎಳೆದು ನೋಡಿದಳು, ಒದ್ದೆ ಗೋಣಿಚೀಲವನ್ನು ಕಾಲ ಬಳಿ ಹಾಸಿದಳು, ದೂರ ಸರಿಯಿರೆಂದು ರೇಣುಕಪ್ಪನನ್ನೂ ಸೇರಿಸಿ ಎಲ್ಲರಿಗೂ ಬೈದಳು, ಬೆಂಕಿ ಹಚ್ಚಿದಳು. ಎರಡು ಮಾರು ಜ್ವಾಲೆ ಭುಗಿಲೆಂದಿತು. ಟೈಲರ್ ನಯಾಜ್ ಆಕಳಿಸಿದ. ಅವನ ಪಕ್ಕದ ಹೂವಾಡಗಿತ್ತಿಗೆ ಹೊಸತೊಡಕಿನ ಸಾರು ನೆನಪಾಗಿ ಬಾಯಲ್ಲಿ ನೀರೂರಿತು. ಕೊಳವೆಗಳು ಸುಯ್ಯೆಂದವು. ಪರದೆಯಲ್ಲಿ ‘ಮೈನಸ್ ಎಪ್ಪತ್ತೊಂದು ನಡುಕ’ ಎಂದು ಮೂಡಿತು.

ರೇಣುಕಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ನಮೂನೆಯಲ್ಲಿ ಆಯುಧ, ಸಾಮಾನು ಎಂಬ ಎರಡೇ ಮನೆಗಳಿದ್ದವು, ಮೈನಸ್ಸಿಗೆ ಜಾಗವಿರಲಿಲ್ಲ. ಕಾರಣ ತಿಳಿದು ದಾಖಲಾಗುವವರೆಗೆ ಬರ್ನರ್ ಕಚೇರಿಯಲ್ಲೇ ಇರಬೇಕಾಗುತ್ತದೆ ಎಂದುಬಿಟ್ಟರು. ಯಂತ್ರ ನೋಡಿಕೊಳ್ಳಲು ಅಲ್ಲೇ ಇರುತ್ತಿದ್ದ ಕೆದಿಲಾಯರು ಅದರ ಬೆನ್ನು ಬಿಚ್ಚಿದರು, ಮುಚ್ಚಿದರು, ಮತ್ತೆ ಬಿಚ್ಚಿದರು. ಆಮೇಲೆ ಅವರ ಮುಖದ ಬಣ್ಣ ಬದಲಾಯಿತು.

ಯಂತ್ರ ಕಟ್ಟುವಾಗ ಅವರೊಂದು ಮಾತನ್ನು ಯೋಚಿಸದೆ ಒಪ್ಪಿಕೊಂಡಿದ್ದರು: ತನ್ನ ಆಯುಧದ ಭಯ ತನಗೇ ಇರುವುದಿಲ್ಲ. ಹಾಗಾಗಿ ಆರನೆಯ ಕೊಳವೆಯನ್ನು ಮಾಲೀಕನ ತಲೆಯ ಮೇಲೆ ತೂಗಿಬಿಟ್ಟು, ಅಲ್ಲಿ ಸಿಕ್ಕ ವಾಸನೆಯನ್ನೇ ಸೊನ್ನೆಯೆಂದು ಎಣಿಸಿ, ಸಾಕ್ಷಿಗಳ ಭಯ ಅದಕ್ಕಿಂತ ಎಷ್ಟು ಹೆಚ್ಚು ಎಂದು ಯಂತ್ರ ಲೆಕ್ಕ ಹಾಕುತ್ತಿತ್ತು. ಮಾಯಿಗೌಡರಂಥವರ ವಿಷಯದಲ್ಲಿ ಇದು ಸರಿಯಾಗಿಯೇ ನಡೆದಿತ್ತು. ಇಲ್ಲಿ ಸಾಕ್ಷಿಗಳ ಭಯ ಸೊನ್ನೆ, ಮಾಲಕಿಯದ್ದು ಎಪ್ಪತ್ತೊಂದು.

ಕೆದಿಲಾಯರು ಅವಳನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ, "ಅಮ್ಮಾ, ಯಂತ್ರ ಸುಳ್ಳು ಹೇಳುತ್ತಿದೆ ಎಂದು ಬರೆದುಬಿಡಲೇ? ಆದರೆ ಆಗ ಅದರ ದುರಸ್ತಿಯಾಗುವವರೆಗೆ ನಿಮ್ಮ ಬರ್ನರ್ ಸಿಗುವುದಿಲ್ಲ. ನಿಜ ಬರೆಯಬೇಕಾದರೆ ಸಾಕ್ಷಿಗಳ ಮುಂದೆ ನೀವೇ ಹೇಳಬೇಕು" ಎಂದರು. ಒಳ್ಳೆಯ ಮನುಷ್ಯ, ಹನ್ನೊಂದು ವರ್ಷದ ದುಡಿಮೆಗೆ ಮಸಿ ಬಳಿದುಕೊಳ್ಳಲು ತಯಾರಿದ್ದರು.

ನಿಂಗಾಜಮ್ಮ ಕುರ್ಚಿಗಳ ಕಡೆ ನೋಡಿದಳು. ಹೇಳಿದರೆ ಹೆಸರು ಹೋಗುತ್ತದೆ, ಹೇಳದಿದ್ದರೆ ಬರ್ನರ್ ಹೋಗುತ್ತದೆ. ಹೆಸರನ್ನು ಜಾಲರಿಯ ಮೇಲಿಟ್ಟು ಸುಡಲು ಬರುವುದಿಲ್ಲ. ಸೆರಗು ಬಿಗಿದು ಬಂದು ಐವರ ಮುಂದೆ ನಿಂತಳು.

"ನಂಗ್ ಇದ್ರ ಭಯ ಕಣ್ರಪ್ಪ," ಎಂದಳು. "ಇವತ್ತಿಂದಲ್ಲ, ಇಪ್ಪತ್ತೆರಡು ವರ್ಸದಿಂದ. ಹಚ್ಚೋವಾಗೆಲ್ಲ ಜೀವ ಹೋಗ್ ಬತ್ತದೆ. ನಿಮ್ಮನ್ನ ದೂರ ನಿಲ್ರೀ ಅಂತ ಬಯ್ತಿದ್ದದ್ದು ಕೊಬ್ಬಿಗಲ್ಲ."

ನಯಾಜನ ಬಾಯಿ ಅರ್ಧ ತೆರೆದೇ ಇತ್ತು. ಅದನ್ನು ಕಂಡು ಅವಳಿಗೆ ಸಿಟ್ಟು ಬಂತು.

"ನಿಮ್ಗ್ ಯಾಕ್ ಭಯ ಇಲ್ಲ ಯೋಳಿ? ನಿಮ್ ಪಾಲಿಂದೂವೆ ನಾನೇ ಪಟ್ಕತಿವ್ನಿ. ಅದ್ಕೇ ನೀವ್ ಅಲ್ಲಿ ಕುಂತು ಆಕಳಿಸ್ತಿರೋದು."

ಕೆದಿಲಾಯರು ಆ ಮಾತನ್ನು ಹಾಗೆಯೇ ಬರೆದುಕೊಂಡರು. ಬರ್ನರ್ ಅಂದೇ ವಾಪಸಾಯಿತು.

ಹೊಸತೊಡಕಿನ ಬೆಳಗ್ಗೆ ಅವಳು ಎಂದಿನಂತೆ ಪೈಪು ಎಳೆದು ನೋಡಿ ಬೈಯಲು ಬಾಯಿ ತೆರೆದರೆ, ಜನ ಆಗಲೇ ಹತ್ತು ಹೆಜ್ಜೆ ಹಿಂದೆ ನಿಂತಿದ್ದರು. ನಯಾಜ್ ಎರಡು ಬಿಂದಿಗೆ ನೀರು ತಂದಿಟ್ಟು, ಪೈಪಿನ ಇನ್ನೊಂದು ತುದಿಯನ್ನು ತಾನು ನೋಡಿದ್ದೇನೆ, ಬಿಗಿಯಾಗಿದೆ ಎಂದ. ಆಡಿಕೊಂಡು ನಗುತ್ತಾರೆ ಎಂದುಕೊಂಡಿದ್ದ ನಿಂಗಾಜಮ್ಮ ಹೊಗೆಯ ನೆಪ ಹೇಳಿ ಕಣ್ಣೊರೆಸಿಕೊಂಡಳು.

ಅತ್ತ ರಾಜಧಾನಿಯಲ್ಲಿ ಕೆದಿಲಾಯರ ವರದಿ ದೊಡ್ಡ ಗದ್ದಲವೆಬ್ಬಿಸಿ, ಕಾಯಿದೆಯನ್ನೇ ತಿರುವುಮುರುವಾಗಿಸಿತು. ನೋಡುವವರ ಭಯದ ಲೆಕ್ಕವೇ ಬೇಡ. ಪರೀಕ್ಷೆಯ ಹೊತ್ತಿನಲ್ಲಿ ಮಾಲೀಕನಿಗೇ ಕನಿಷ್ಠ ನಲವತ್ತು ನಡುಕವಾದರೂ ಇರಬೇಕು, ಇಲ್ಲದಿದ್ದರೆ ಪರವಾನಗಿ ಇಲ್ಲ. ನಾಡಿನ ಮೀಸೆಗಳೆಲ್ಲ ಒಮ್ಮೆಲೇ ಇಳಿಬಿದ್ದವು. ಮಾಯಿಗೌಡರಿಗೆ ಎಷ್ಟು ತಿಣುಕಿದರೂ ಎರಡು ನಡುಕದ ಮೇಲೆ ಬರಲಿಲ್ಲ. ಅವರು ನಿಂಗಾಜಮ್ಮನ ಹತ್ತಿರ ಭಯದ ಪಾಠಕ್ಕೂ ಬಂದರು. ಅವಳು ಒಂದು ವಾರ ನೋಡಿ, ಬೋರ್ಗಲ್ಲ ಮೇಲೆ ಮಳೆ ಸುರಿದಂತೆ ಆಗುತ್ತಿದೆ ಎಂದು ಮನೆಗೆ ಕಳಿಸಿದಳು. ಮಗಳ ಮದುವೆ ಹೂಕುಂಡ, ಪಟಾಕಿಗಳಲ್ಲೇ ಮುಗಿಯಿತು.

ಮರುವರ್ಷ ಪರವಾನಗಿ ನವೀಕರಣಕ್ಕೆ ನಿಂಗಾಜಮ್ಮ ನಿಶ್ಚಿಂತೆಯಿಂದಲೇ ಬಂದಳು. ಭಯದ ವಿಷಯದಲ್ಲಿ ಅವಳು ತಾಲ್ಲೂಕಿಗೇ ಮೊದಲಿಗಳಲ್ಲವೇ? ಬೆಂಕಿ ಹಚ್ಚಿದಳು. ಕೊಳವೆ ಸುಯ್ಯೆಂದಿತು. ಪರದೆಯಲ್ಲಿ ಮೂವತ್ತೊಂದು ಎಂದು ಮೂಡಿತು.

ಇನ್ನೊಮ್ಮೆ ಹಚ್ಚಿಸಿದರು, ಇಪ್ಪತ್ತೊಂಬತ್ತಕ್ಕೆ ಇಳಿಯಿತು. ಒಂದು ವರ್ಷದಿಂದ ಬೀದಿಯವರು ಪೈಪು ನೋಡಿ, ನೀರು ತುಂಬಿ, ತಾವಾಗಿ ದೂರ ನಿಂತು, ಅವಳೊಬ್ಬಳ ಎದೆಯಲ್ಲಿದ್ದುದನ್ನು ಹಂಚಿಕೊಂಡುಬಿಟ್ಟಿದ್ದರು. ಬೆಂಕಿಯ ಮುಂದೆ ಈಚೆಗೆ ನಿದ್ದೆಯಿಂದ ಎದ್ದಷ್ಟು ಹಗುರವೆನಿಸುತ್ತಿದ್ದುದು ಅವಳ ಗಮನಕ್ಕೇ ಬಂದಿರಲಿಲ್ಲ. ಒಳ್ಳೆಯದಾದರೂ ಕೆಡುಕಾಯಿತಲ್ಲ ಎಂದು ಕೆದಿಲಾಯರು ತಲೆ ಹಿಡಿದು ಕೂತರು. ರೇಣುಕಪ್ಪ ನಿಯಮದ ಮನುಷ್ಯ. ಬರ್ನರನ್ನು ಆರಿಸಿ ಕೆಳಗಿಡಲು ಹೇಳಿ, ‘ತಿರಸ್ಕೃತ’ ಎಂದು ಬರೆಯಲು ಪೆನ್ನು ತೆಗೆದರು.

ಕೊಳವೆ ತಾನಾಗಿ ಸುಯ್ಯೆಂದಿತು. ಮೂವತ್ತೊಂಬತ್ತು. ಪೆನ್ನು ಕಾಗದದ ಹತ್ತಿರ ಬಂತು. ಐವತ್ತೆಂಟು. ನಿಬ್ಬು ತಾಗಿತು. ಎಂಬತ್ತಮೂರು.

ರೇಣುಕಪ್ಪ ಹುಬ್ಬು ಗಂಟಿಕ್ಕಿ ಬರ್ನರಿನ ಕಡೆ ನೋಡಿದರು. ಅದು ತಣ್ಣಗೆ ಗೋಣಿಚೀಲದ ಮೇಲೆ ಮಲಗಿತ್ತು.

"ಈಗ ಯಾತರ ಭಯ ಅಮ್ಮಾ?" ಎಂದು ಕೆದಿಲಾಯರು ಕೇಳಿದರು.

"ಬೆಂಕೀದಲ್ಲ ಸ್ವಾಮಿ," ಎಂದಳು ನಿಂಗಾಜಮ್ಮ. "ಸಾಹೇಬ್ರದು."

ಕೆದಿಲಾಯರು ಕಾಯಿದೆಯ ಪುಸ್ತಕವನ್ನು ಸರಸರನೆ ತಿರುವಿದರು. ಪರೀಕ್ಷೆಯ ಹೊತ್ತಿನಲ್ಲಿ ಮಾಲೀಕನಿಗೆ ನಲವತ್ತು ನಡುಕವಿರಬೇಕು ಎಂದಿತ್ತೇ ಹೊರತು, ಯಾತರ ನಡುಕ ಎಂದು ಅದನ್ನು ಬರೆದವರು ಎಲ್ಲಿಯೂ ಹೇಳಿರಲಿಲ್ಲ. ಅವರು ಪುಸ್ತಕ ಮುಚ್ಚಿ ರೇಣುಕಪ್ಪನ ಕಿವಿಯ ಬಳಿ ಬಗ್ಗಿದರು.

"ಮಂಜೂರು ಅಂತ ಬರೆಯಿರಿ ಸಾರ್," ಎಂದರು, "ಆದರೆ ಮುಖ ಹೀಗೇ ಗಂಟಿಕ್ಕಿಕೊಂಡಿರಲಿ. ಮೊಹರು ಬೀಳುವವರೆಗೆ ಆಕೆಗೆ ತಿಳಿಯಬಾರದು."