ತೊಳೆಯದ ಮದುವೆ ಸೀರೆ

ಮದುವೆಯಾಗಿ ಇನ್ನೂ ವಾರ ತುಂಬಿರಲಿಲ್ಲ, ಮದುವೆ ಸೀರೆಯನ್ನು ಏನು ಮಾಡುವುದೆಂದು ಗಂಡ ಹೆಂಡತಿಗೆ ಜಗಳ ಹತ್ತಿತು. ಅದೇನು ಮಹಾ ಜಗಳವೋ, ಒಬ್ಬರ ಮುಖ ಒಬ್ಬರು ನೋಡಿದರೆ ನಗು ಬರುವಂಥದ್ದು.

ಶಹಾಬಾದಿನ ಆ ಮನೆಯ ಅಂಗಳದಲ್ಲಿ ಚಂದ್ರಕಲಾ ಬಿಳಿ ಸೀರೆ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಳು. ಗಂಡನ ಮನೆಯವರು ಬೌದ್ಧರು, ಅವರಲ್ಲಿ ವಧು ಬಿಳಿ ಉಡುತ್ತಾಳೆ. ಕಾಗಿಣಾ ಹೊಳೆದಂಡೆಯ ಅವಳ ತವರಿನಲ್ಲಿ ಬಿಳಿ ಸೀರೆ ಗಂಡ ಸತ್ತವಳಿಗೆ. ಅವರಿಗೆ ಈ ಸಂಬಂಧವೇ ಬೇಡವಾಗಿತ್ತು, ಒಬ್ಬರೂ ಮದುವೆಗೆ ಬಂದಿರಲಿಲ್ಲ.

“ಇದಕ್ಕ ಗುಲಾಬಿ ಬಣ್ಣ ಹಾಕಿಸ್ತೀನಿ,” ಎಂದಳು.

ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಕೆಲಸಕ್ಕೆ ಹೊರಟಿದ್ದ ಸುರೇಶಕುಮಾರನ ಮುಖ ಸಣ್ಣದಾಯಿತು. “ಯಾಕ, ಬಿಳಿ ಉಟ್ಟದ್ದು ನಾಚಿಕಿ ಅನಸ್ತದೇನು?”

ಸೀರೆಯ ಮೇಲಿನಿಂದ ಅವಳ ಕಣ್ಣೆರಡೇ ಕಂಡವು. ಕಣ್ಣು ನಗುತ್ತಿದ್ದವು.

“ಶಾಣ್ಯಾ ಅದಾನಂತ ಮದುವಿ ಆದೆ, ನೋಡಿದ್ರ ಹಿಂಗ. ಈ ಊರ ಧೂಳಿನಾಗ ಬಿಳೀದು ತಡೀತದೇನು? ಟ್ರಂಕಿನಾಗ ಇಟ್ರ ವರ್ಷಕ್ಕೊಮ್ಮೆ ನೋಡಬೇಕು. ಬಣ್ಣ ಹಾಕಿಸಿದ್ರ ಉಟ್ಕೊಂಡು ಅಡ್ಡಾಡ್ತೀನಿ. ನಿನಗ ದಿನಾ ಮದುವಿ ನೆನಪಾಗಬೇಕು.”

“ಅದಕ್ಕ ಸೀರಿ ಯಾಕ? ನೀ ಬೈದ್ರ ಸಾಕು.”

“ಬೈತೀನಿ ತಗೋ, ಜಿಂದಗಿ ಭರ.”

ಅವನು ಸೀರೆ ಸರಿಸಿ ಈಚೆ ಬಂದು, ಅವಳ ಕೆನ್ನೆಗೆ ಹತ್ತಿದ ನೊರೆ ಒರೆಸಲು ಬೆರಳು ಚಾಚಿದ. ಅತ್ತೆ ತುಳಜಾಬಾಯಿ ಒಳಗಿದ್ದಾರೆಂದು ಅವಳು ಕಣ್ಣಲ್ಲೇ ಗದರಿಸಿದಳು. ಕೆನ್ನೆಯನ್ನೇನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಗ ಗೇಟು ದಢಾರನೆ ತೆರೆಯಿತು. ಅವಳ ಅಣ್ಣ ಅಂಬರೇಶ, ಕೈಯಲ್ಲಿ ಕಬ್ಬಿಣದ ರಾಡು.

ಮೊದಲ ಏಟು ಸೀರೆಗೆ. ಹಗ್ಗ ಹರಿದು ಸೀರೆ ನೆಲಕ್ಕೆ ಬಿತ್ತು. ಅವನು ಅದನ್ನು ಚಪ್ಪಲಿ ಕಾಲಲ್ಲಿ ತುಳಿದ.

“ಗಂಡ ಸತ್ತೋರ ಸೀರಿ ಉಟ್ಟು ಮದುವಿ ಆದೆಲ್ಲ. ಇವತ್ತ ಅದನ್ನ ಖರೇ ಮಾಡಿ ಹೋಗ್ತೀನಿ.”

“ಅಣ್ಣಾರ, ಕುಂದ್ರಿ, ಮಾತಾಡೋಣು,” ಎಂದು ಸುರೇಶ ಅಡ್ಡ ಬಂದ. ರಾಡು ಅವನ ತಲೆಗೆ ಬಿತ್ತು. ಇನ್ನೊಂದು ಏಟು ಭುಜಕ್ಕೆ. ಎಲುಬು ಮುರಿದ ಸದ್ದು ಅವಳಿಗೆ ಕೇಳಿಸಿತು.

ಬಿದ್ದವನ ಮೇಲೆ ಅಂಬರೇಶ ಮತ್ತೆ ರಾಡು ಎತ್ತಿದಾಗ, ಚಂದ್ರಕಲಾ ಬಚ್ಚಲ ಪಕ್ಕದ ಫರ್ಸಿ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಅಣ್ಣನ ಮೊಣಕೈಗೆ ಬೀಸಿದಳು. ಅವಳನ್ನು ಎತ್ತಿ ಆಡಿಸಿದ ಕೈ ಅದು. ಆ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ, ಸುಳ್ಳೇಕೆ ಹೇಳಬೇಕು. ಮತ್ತೆ ಬೀಸಿದಳು. ಕೈ ಮುರಿದು ರಾಡು ಕೆಳಗೆ ಬಿತ್ತು. ತುಳಜಾಬಾಯಿಯ ಕೂಗಿಗೆ ಓಡಿಬಂದ ಓಣಿಯ ಮಂದಿ ಅಂಬರೇಶನನ್ನು ಕೆಡವಿ ಹಿಡಿದರು.

ಗಂಡನ ತಲೆಯಿಂದ ರಕ್ತ ಹರಿಯುತ್ತಿತ್ತು. ಕೈಗೆ ಸಿಕ್ಕದ್ದು ಆ ಸೀರೆಯೇ. ಮಡಚಿ ಗಾಯಕ್ಕೆ ಒತ್ತಿ ಹಿಡಿದಳು. ಆಸ್ಪತ್ರೆ ಮುಟ್ಟುವವರೆಗೂ ಕೈ ಬಿಡಲಿಲ್ಲ.

ಜೀವ ಉಳಿಯಿತು. ತಲೆಗೆ ಹೊಲಿಗೆ ಬಿತ್ತು. ಹೇಳಿಕೆ ಬರೆದುಕೊಳ್ಳಲು ಪೊಲೀಸರು ಹೊರಗೆ ಬಂದು ನಿಂತರು. ಅವರಿಗಿಂತ ಮೊದಲು ಒಳಗೆ ಬಂದವಳು ಅವಳ ತಾಯಿ ಭೀಮಮ್ಮ.

“ಆ ಸೀರಿ ಕೊಡು ನನ್ನವ್ವ, ಕಾಗಿಣ್ಯಾಗ ಬಿಟ್ಟು ಬರ್ತೀನಿ. ಜಾರಿ ಕಲ್ಲಿನ ಮ್ಯಾಲ ಬಿದ್ದ ಅಂತ ಹೇಳ್ರಿ. ಒಬ್ಬನೇ ಮಗ ಅದಾನ, ಜೇಲಿಗಿ ಹೋಗ್ತಾನ.” ಭೀಮಮ್ಮ ಮಗಳ ಕಾಲಿಗೇ ಬೀಳಲು ಬಂದಳು.

ಚಂದ್ರಕಲಾ ತಾಯಿಯನ್ನು ಎತ್ತಿ ಅಪ್ಪಿಕೊಂಡಳು. ಸೀರೆಯನ್ನು ಮಾತ್ರ ಕಂಕುಳಲ್ಲೇ ಹಿಡಿದಿದ್ದಳು.

ಹಾಸಿಗೆಯಿಂದ ಸುರೇಶ ಕ್ಷೀಣವಾಗಿ ಹೇಳಿದ: “ಕೊಡು ಚಂದಾ. ನಿನ್ನ ಅಣ್ಣ ಅವ. ನಾ ಬದುಕೀನಲ್ಲ.”

ಆಗ ಅವಳಿಗೆ ಸಿಟ್ಟು ನೆತ್ತಿಗೇರಿತು. “ನೀ ಬದುಕಿದ್ದು ಅವನ ದಯಾದಿಂದೇನು? ಇವತ್ತ ಸುಳ್ಳ ಹೇಳಿದ್ರ ನಾಳೆ ಮತ್ತ ಬರ್ತಾನ. ನಿನ್ನ ಕಳಕೊಂಡು ನಾ ಇರಾಂಗಿಲ್ಲ, ತಿಳೀತೇನು? ನೀ ಭಾಳ ದೊಡ್ಡ ಮನಸಿನಾಂವ ಆಗಬ್ಯಾಡ. ನನಗ ಗಂಡ ಬೇಕು.”

ಸುರೇಶನ ಕಣ್ಣಲ್ಲಿ ನೀರು ಬಂತು.

ಅವಳು ಹೊರಗೆ ಹೋಗಿ, ರಕ್ತ ಒಣಗಿ ಗಟ್ಟಿಯಾಗಿದ್ದ ಸೀರೆಯನ್ನು ಪೊಲೀಸನ ಮುಂದೆ ಇಟ್ಟಳು. “ಇದು ನನ್ನ ಮದುವಿ ಸೀರಿ. ಈ ರಕ್ತ ನನ್ನ ಗಂಡಂದು. ಹೊಡದಾಂವ ನನ್ನ ಖಾಸ ಅಣ್ಣ ಅಂಬರೇಶ. ಅವನ ಕೈ ಮುರದಾಕಿ ನಾನು. ಎಲ್ಲಾ ಬರಕೋರಿ.” ಬೆನ್ನ ಹಿಂದೆ ತಾಯಿಯ ಅಳು ಜೋರಾಯಿತು. ಅವಳು ತಿರುಗಲಿಲ್ಲ, ತಿರುಗಿದ್ದರೆ ಮಾತು ಮುಗಿಯುತ್ತಿರಲಿಲ್ಲ.

ಮರಳಿ ಬಂದು ಮಂಚದ ಮಗ್ಗುಲಲ್ಲಿ ಕುಳಿತಳು. ಸುರೇಶ ಪೆಟ್ಟಾಗದ ಕೈಯಿಂದ ಅವಳ ಕೈ ಹಿಡಿದುಕೊಂಡ.

“ಸೀರಿ ಹೋತಲ್ಲ.”

“ಹೋಗ್ಲಿ ಬಿಡು,” ಎಂದಳು. “ಉಟ್ಟಾಕಿ ಇಲ್ಲೇ ಕುಂತಾಳ.”