ಶೆನ್ ಅವರ ಕೆಂಪು ಮುದ್ರೆ

ನಾನು ಚಿಕ್ಕವಳಿದ್ದಾಗ ಅಮ್ಮ ದೀಪದ ಮಸಿಗೆ ಕರ್ಪೂರ ಬೆರೆಸಿ ಕಾಡಿಗೆ ಮಾಡುತ್ತಿದ್ದಳು. ಅಂದು ಸುಗುಣಾಳ ಜೊತೆ ಲಾಸ್ ಆಲ್ಟೋಸ್‌ನ ಆ ಮನೆಯೊಳಗೆ ಕಾಲಿಟ್ಟಾಗ ಅದೇ ವಾಸನೆ ಬಂತು. ಬೆಟ್ಟಗಳ ಚಿತ್ರ ಬರೆಯುವ ಹಿರಿಯ ಚೀನೀ ಕಲಾವಿದ ಶೆನ್ ಅವರ ಹೆಂಡತಿ ಲಾನ್, ಚಿತ್ರದ ಮಸಿಗಾಗಿ ಕಲ್ಲಿನ ಮೇಲೆ ಮಸಿಕಡ್ಡಿ ತೇಯುತ್ತಿದ್ದರು. ನನ್ನ ಮಂಡಿನೋವು ನೆನಪಿಟ್ಟು ಎತ್ತರದ ಕುರ್ಚಿಯನ್ನೇ ಎಳೆದುಕೊಟ್ಟರು.

“ಸುಗುಣಕ್ಕ, ನೀವೇ ಪತ್ತೆ ಮಾಡ್ಬೇಕು ಮಾರಾಯ್ರೆ,” ಎಂದರು ಶೆನ್ ಅವರ ಶಿಷ್ಯ ಜಯಕರ. “ಮಾಸ್ಟರ ಹೆಸರಿನ ಮುದ್ರೆಕಲ್ಲು ಕಾಣೆ. ಚಿತ್ರ ಮುಗಿದಿದೆ, ಅದೊಂದು ಒತ್ತಿದ್ರೆ ಆಯ್ತು. ನಾಡಿದ್ದು ಎಕ್ಸಿಬಿಷನ್ನು. ಈ ಕೆವಿನ್ ನನ್ನನ್ನೇ ಕಳ್ಳನ ಹಾಗೆ ನೋಡ್ತಾನೆ!”

“ನಮ್ಮನ್ನು ಬಿಟ್ಟರೆ ಕೀ ಇರುವುದು ಇವರ ಬಳಿ ಮಾತ್ರ,” ಎಂದ ಶೆನ್ ಅವರ ಮಗ ಕೆವಿನ್, ಇಂಗ್ಲಿಷಿನಲ್ಲಿ.

ಇಂಥ ಎಷ್ಟೋ ಗಂಟುಗಳನ್ನು ಬಿಡಿಸಿದ್ದ ನನ್ನ ಗೆಳತಿ ಸುಗುಣಾ ಮೇಜನ್ನು ನೋಡಿದಳು. ಮುದ್ರೆಯ ಕೆಂಪು ಬಣ್ಣದ ಡಬ್ಬಿ, ತಾತನ ಕಾಲದ ಮಸಿಕಲ್ಲು, ಎಲ್ಲವೂ ಅಲ್ಲೇ ಇದ್ದವು.

“ಮೈಥಿಲಿ,” ಎಂದು ನನ್ನತ್ತ ತಿರುಗಿದಳು, “ಶೆನ್ ಅವರನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗೋದು ನೀನಲ್ವಾ? ದಾರೀಲಿ ಏನಾದ್ರೂ ಹೇಳಿದ್ರಾ?”

“ಫ್ರೀವೇನಲ್ಲಿ ಹೇಳಿದ್ರು, ಈ ಚಿತ್ರ ಮುಗಿದ ಮೇಲೆ ನೀವು ಬರೋದು ಬೇಡ ಅಂತ. ನನಗೆ ತೊಂದ್ರೆ ಬೇಡ ಅಂತ ಹಾಗಂದ್ರು ಅಂದ್ಕೊಂಡೆ.”

ಸುಗುಣಾ ಒಳಗಿದ್ದ ಶೆನ್ ಅವರನ್ನೂ ಕರೆದು ಎಲ್ಲರನ್ನೂ ಚಿತ್ರದ ಮುಂದೆ ಕೂರಿಸಿದಳು.

“ಕಳ್ಳನಾಗಿದ್ರೆ ಬೆಲೆಬಾಳುವ ಮಸಿಕಲ್ಲು ಒಯ್ತಿದ್ದ. ಇಲ್ಲಿ ಹೋಗಿರೋದು ಚಿತ್ರ ಮುಗಿಸೋ ವಸ್ತು ಮಾತ್ರ. ಜಯಕರ, ಕೆಂಪು ಮುದ್ರೆಗೆ ಕಪ್ಪು ಮಸಿ ಬೇಕಾ?”

“ಎಂತಕ್ಕೆ? ಬೇಡ.”

“ಮತ್ತೆ, ಮುಗಿದ ಚಿತ್ರಕ್ಕೆ ಇವತ್ತು ಮಸಿ ತೇಯೋದು ಯಾಕೆ? ಅದು ಮುಗೀಬಾರದು ಅನ್ನೋರು ಒಬ್ಬರಿದ್ದಾರೆ.” ಅವಳ ದನಿ ತಗ್ಗಿತು. ಇಂಗ್ಲಿಷಿಗೆ ತಿರುಗಿ ಹೇಳಿದಳು: “ಮುದ್ರೆ ಬಿದ್ದ ದಿನವೇ ಶೆನ್ ಡಯಾಲಿಸಿಸ್ ಬಿಡುತ್ತಾರೆ. ಅದು ಲಾನ್ ಅವರಿಗೆ ಗೊತ್ತು.”

“ಅಪ್ಪಾ?” ಎಂದ ಕೆವಿನ್. ಶೆನ್ ತಲೆ ತಗ್ಗಿಸಿದರು. ಜಯಕರ ಕೆವಿನ್‌ನ ಹೆಗಲ ಮೇಲೆ ಕೈಯಿಟ್ಟರು.

ಲಾನ್ ಚಿತ್ರದ ಬಿಳಿ ಜಾಗವನ್ನು ತೋರಿಸಿದರು. “ಇಲ್ಲಿ ಇನ್ನೊಂದು ಬೆಟ್ಟಕ್ಕೆ ಜಾಗ ಇದೆ.”

“ಅದು ಮಂಜು,” ಎಂದರು ಶೆನ್, ತುಂಬ ಮೆಲ್ಲಗೆ. “ದಣಿದಿದ್ದೇನೆ, ಲಾನ್.”

 

ಲಾನ್ ಏಪ್ರನ್ ಜೇಬಿನಿಂದ ಮುದ್ರೆಕಲ್ಲು ತೆಗೆದು ಗಂಡನ ಕೈಗಿತ್ತರು. ಶೆನ್ ಅದನ್ನು ಕೆಂಪು ಬಣ್ಣಕ್ಕೆ ಅದ್ದಿದರು. ಒತ್ತಿದ ಗುರುತು ನೇರವಾಗಿ ಬಿತ್ತು.

ಲಾನ್ ಒಳಗೆ ಹೋಗಿ, ಬಿಸಿ ಅಕ್ಕಿಗಂಜಿಯ ಬಟ್ಟಲು ತಂದು, ಎರಡೂ ಕೈಯಿಂದ ಗಂಡನಿಗೆ ಕೊಟ್ಟರು.