ಮೂರು ಗಂಟೆಯ ನೆರಳು

"ಇನ್ನೊಂದು ಹೆಜ್ಜಿ ಮುಂದ ಇಟ್ರಂದ್ರ ನಮ್ಮವ್ವ ನಿಮ್ಮನ್ನ ಬಿಡೂದಿಲ್ಲ ನೋಡ್ರಿ."

ಮಾಳಮಡ್ಡಿಯ ಆ ಮನೆಯ ಮಾಳಿಗೆಯ ಮೇಲೆ ರಾಜರತ್ನ ಎತ್ತಿದ ಕಾಲನ್ನು ಎತ್ತಿಕೊಂಡೇ ನಿಂತುಬಿಟ್ಟ. ಬಿಸಿಲು ಎತ್ತಲಿಂದ ಬರುತ್ತದೆಂದು ನೋಡುತ್ತ ಬಂದವನು ಕೆಳಗೆ ನೋಡಿರಲಿಲ್ಲ. ಹಳೇ ಸೀರೆಯ ಮೇಲೆ ಶೇವಂತೆವ್ವನ ಹಸಿ ಸಂಡಿಗೆ ಸಾಲುಸಾಲಾಗಿ ಹರಡಿತ್ತು. ಬಾಗಿಲಲ್ಲಿ ಆಕೆಯ ಮಗಳು ನೀಲಾ ನಿಂತಿದ್ದಳು.

"ಮತ್ತ ಈ ಕಾಲು ಎಲ್ಲಿ ಇಡ್ಲಿರಿ, ಟೀಚರ್?"

"ಬಂದ ದಾರಿಗೇ ಇಡ್ರಿ."

ಅವನು ನಕ್ಕ. ಅವಳಿಗೂ ನಗು ಬಂದಿತ್ತು. ತೋರಿಸಲಿಲ್ಲ.

ಹುಬ್ಬಳ್ಳಿಯ ಗುಲಾಬಸಾಬರ ಸೋಲಾರ್ ಅಂಗಡಿಯಲ್ಲಿ ಪ್ಯಾನೆಲ್ ಕೂರಿಸುವ ಮೊದಲು ನೆರಳು ಅಳೆಯುವುದು ಅವನ ಕೆಲಸ. ಹತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ನೆರಳು ಎಲ್ಲಿಯವರೆಗೆ ಬರುತ್ತದೋ ಅಲ್ಲಿ ಮಾಳಿಗೆಯ ಮೇಲೆ ಗೆರೆ ಎಳೆಯಬೇಕು. ಅಂದು ಅವನ ಸೀಮೆಸುಣ್ಣ ಜೇಬಿನಲ್ಲೇ ಪುಡಿಯಾಗಿತ್ತು. ನೀಲಾ ತನ್ನ ಶಾಲೆಯ ಚೀಲದಿಂದ ಒಂದು ತುಂಡು ಕೊಟ್ಟಳು. ಮೂರು ಗಂಟೆಗೆ ಪಕ್ಕದ ಮನೆಯ ಹುಣಸೆಮರದ ನೆರಳು ಸಂಡಿಗೆಯ ಸೀರೆಯ ಅಂಚನ್ನು ಮುಟ್ಟಿತು. ಅವನು ಕುಕ್ಕರಗಾಲಿನಲ್ಲಿ ಕೂತು, ಅವಸರವಿಲ್ಲದೆ ಗೆರೆ ಎಳೆದ. ಮಕ್ಕಳ ಕೈಬರಹ ತಿದ್ದುವವಳಿಗೆ ಆ ನಿಧಾನ ಬಹಳ ಹಿಡಿಸಿತು.

ಅಪ್ಪ ಅರ್ಜುನಪ್ಪ ತೀರಿಕೊಂಡ ಮೇಲೆ ಈ ಮನೆಗಾಗಿ ನೀಲಾ ಒಬ್ಬಳೇ ತೆಗೆದುಕೊಳ್ಳುತ್ತಿದ್ದ ಮೊದಲ ದೊಡ್ಡ ತೀರ್ಮಾನವಿದು. ಸೋಲಾರ್ ಪ್ಯಾನೆಲ್ ಒಮ್ಮೆ ಕೂರಿಸಿದರೆ ಇಪ್ಪತ್ತೈದು ವರ್ಷ ತೆಗೆಯುವಂತಿಲ್ಲ. ಅಂಗಡಿಯಲ್ಲಿ ಎರಡು ಕಂಪನಿಯ ಪ್ಯಾನೆಲ್‌ಗಳಿದ್ದವು: ಹೊಂಬಿಸಿಲು, ತೇಜಕಿರಣ. ಶಾಲೆಯ ಹೆಡ್‌ಮಾಸ್ತರರು ಒಂದು ಹೇಳಿದರು, ಹಾಲಿನವನು ಇನ್ನೊಂದು ಹೇಳಿದ. ನೋಟ್‌ಬುಕ್ಕು ತುಂಬಿತು, ತಲೆ ಕೆಟ್ಟಿತು. ನಾಲ್ಕನೆಯ ಸಲ ಅಳತೆಯ ನೆಪದಲ್ಲಿ ರಾಜರತ್ನ ಬಂದಾಗ ಅವಳು ನೋಟ್‌ಬುಕ್ಕು ಮುಚ್ಚಿಟ್ಟಳು.

"ನಿಮ್ಮ ಮನಿ ಅಂತ ತಿಳಕೊಂಡು ಹೇಳ್ರಿ. ಯಾವುದು ಹಾಕಿಸ್ಲಿ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಹೊಂಬಿಸಿಲು ಹಾಕಿಸ್ರಿ," ಎಂದ.

ಆ ಸುಮ್ಮನಿದ್ದ ಹೊತ್ತು ಅವಳಿಗೆ ಜವಾಬ್ದಾರಿಯಂತೆ ಕಂಡಿತು. ಎಷ್ಟು ಯೋಚಿಸಿ ಹೇಳುತ್ತಾನೆ... ಎಂದುಕೊಂಡಳು.

ಮುಂದಿನ ವಾರ ಪರೀಕ್ಷೆಯ ಮೇಲ್ವಿಚಾರಣೆಗೆ ಅವಳನ್ನು ಹೆಬ್ಬಳ್ಳಿಗೆ ಹಾಕಿದರು. ರಾಜರತ್ನನ ಮನೆ ಅಲ್ಲಿಯ ಶಾಲೆಯ ಹಿಂದೆಯೇ. ಬಂದರೆ ಅವ್ವನನ್ನು ಕಂಡು ಹೋಗಿ ಎಂದು ಅವನೇ ಹೇಳಿದ್ದ. ಅವಳು ಹೋದಾಗ ಅವನು ಕೆಲಸಕ್ಕೆ ಹೋಗಿದ್ದ. ಅವನ ತಾಯಿ ಈರವ್ವ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ನೀಲಾ ಟೀಚರ್ ಅಂದರೆ ನೀವೇ ಏನು ಎಂದು ಕೇಳಿ, ಮಜ್ಜಿಗೆಗೆ ಇನ್ನೊಂದು ಹಿಡಿ ಕೊತ್ತಂಬರಿ ಹಾಕಿದಳು. ಹಾಗಾದರೆ ಮನೆಯಲ್ಲಿ ನನ್ನ ಹೆಸರು ಹೇಳಿದ್ದಾನೆ! ನೀಲಾಳ ಕೆನ್ನೆ ಬಿಸಿಯಾಯಿತು.

ಒಯ್ಯಲು ನಾಲ್ಕು ಒಣಮೆಣಸಿನಕಾಯಿ ಕೊಡುತ್ತೇನೆಂದು ಈರವ್ವ ಅವಳನ್ನು ಮಾಳಿಗೆಗೆ ಕರೆದೊಯ್ದಳು. ಮೆಣಸಿನಕಾಯಿಯ ಆಚೆ, ಬೇವಿನ ಕೊಂಬೆಯ ಕೆಳಗೆ, ಪ್ಯಾನೆಲ್‌ಗಳಿದ್ದವು. ಅಂಚಿನ ಮೇಲಿನ ಹೆಸರನ್ನು ನೀಲಾ ಎರಡು ಸಲ ಓದಿದಳು.

ತೇಜಕಿರಣ.

"ಈ ಬೇವಿನ ನೆರಳು ಐತಲ್ಲವಾ, ಅದಕ್ಕ ನಮ್ಮ ರಾಜ ಇದನ್ನ ಹಾಕ್ಯಾನ," ಎಂದಳು ಈರವ್ವ ಹೆಮ್ಮೆಯಿಂದ. "ಹೊಂಬಿಸಿಲಿಗೆ ಒಂದ್ ಮೂಲ್ಯಾಗ ನೆರಳು ಬಿದ್ರೂ ಇಡೀ ಸಾಲು ಸೊರಗತೈತಂತ."

ಧಾರವಾಡದ ಬಸ್ಸಿನಲ್ಲಿ ಮೆಣಸಿನಕಾಯಿಯ ಚೀಲ ತೊಡೆಯ ಮೇಲಿತ್ತು. ಅಂಗಡಿಯವರು ಗಿರಾಕಿಗೆ ಸುಳ್ಳು ಹೇಳುವುದು ಲೋಕದಲ್ಲಿ ಇದ್ದದ್ದೇ. ಆದರೆ ನಾನು ಗಿರಾಕಿಯಂತೆ ಕೇಳಿರಲಿಲ್ಲವಲ್ಲ... ಹುಣಸೆಯ ನೆರಳಿನ ಗೆರೆಯನ್ನು ಎಳೆದ ಕೈಯೇ ಹೀಗೆ ಮಾಡಿತಲ್ಲ. ಆ ಗೆರೆ ಎಳೆದದ್ದೂ ನಾನು ಕೊಟ್ಟ ಸೀಮೆಸುಣ್ಣದಿಂದ!

ಭಾನುವಾರ ಬೆಳಿಗ್ಗೆ ಅವನು ಪ್ಯಾನೆಲ್ ಕೂರಿಸುವ ಕಬ್ಬಿಣದ ಸ್ಟ್ಯಾಂಡುಗಳನ್ನು ಹೊತ್ತು ಮಾಳಿಗೆ ಹತ್ತಿದ. ನೀಲಾ ಮಾಸಿದ ಗೆರೆಯ ಪಕ್ಕದಲ್ಲಿ ಕಾದು ನಿಂತಿದ್ದಳು.

"ಇದನ್ನ ಯಾರು ಎಳೆದದ್ದು?"

"ನಾನಾ."

"ನಿಮ್ಮ ಮನಿ ಮ್ಯಾಲೆ ಏನೈತಿ, ಕಂಡು ಬಂದೇನಿ."

ಅವನು ಸ್ಟ್ಯಾಂಡನ್ನು ಸದ್ದಾಗದಂತೆ ಕೆಳಗಿಟ್ಟ.

"ತೇಜಕಿರಣ ಹಾಕಿದ್ರ ಆ ಕಂಪನಿಯವ್ರು ಬಂದು ನೋಡ್ಕೋತಾರ. ಹೊಂಬಿಸಿಲು ಆದ್ರ ನೋಡ್ಕೊಳ್ಳೂದು ನಮ್ಮ ಅಂಗಡಿದ. ತೊಳ್ಯಾಕ, ನೋಡಾಕ, ಮೂರು ತಿಂಗಳಿಗೊಮ್ಮೆ ನಾನಾ ಬರಬೇಕು. ನಿಮ್ಮ ಮನಿಗೆ ಬರೂದು ನಿಲ್ಲಬಾರದು ಅಂತ..."

ನೀಲಾಳ ಕಣ್ಣು ತುಂಬಿತು. ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು.

"ನಿಮ್ಮ ಮನಿ ಅಂತ ತಿಳಕೊಂಡು ಹೇಳ್ರಿ ಅಂದಿದ್ದೆ. ಬರ್ತೇನಿ ಅಂತ ನೇರ ಹೇಳಿದ್ರ ಬ್ಯಾಡ ಅಂತಿದ್ನೇನು ನಾ?"

ಆಡಬಾರದ್ದು ಬಾಯಿಂದ ಹೋಗಿತ್ತು. ಅವನು ತಲೆಯೆತ್ತುವಷ್ಟರಲ್ಲಿ ಅವಳು ಮೆಟ್ಟಿಲು ತೋರಿಸಿದಳು. "ಇಳೀರಿ."

ಸ್ಟ್ಯಾಂಡುಗಳನ್ನು ಒಂದೊಂದಾಗಿ ಅವನೇ ಇಳಿಸಿದ. ಶೇವಂತೆವ್ವ ಚಹಾದ ಲೋಟ ಹಿಡಿದು ಬಂದಳು. ಹುಡುಗ ಚಹಾ ಸುದ್ದಾ ಕುಡಿಯದೆ ಹೋದ ಎಂದಷ್ಟೇ ಅಂದು, ಲೋಟ ಒಳಗಿಟ್ಟಳು.

ಒಂಬತ್ತು ದಿನ ಕಳೆದವು. ಹತ್ತನೆಯ ದಿನ ಗುಲಾಬಸಾಬರ ಫೋನು ಬಂತು. ತಪ್ಪು ತನ್ನದೆಂದು ರಾಜರತ್ನ ಅಂಗಡಿಯಲ್ಲಿ ಎಲ್ಲರೆದುರು ಒಪ್ಪಿಕೊಂಡಿದ್ದನಂತೆ. ತೇಜಕಿರಣದವರನ್ನೇ ಕಳಿಸಿ ಎಂದವನು, ಮಾಳಮಡ್ಡಿಯ ಕೆಲಸವನ್ನು ಇನ್ನು ಬೇರೆಯವರಿಗೆ ಕೊಡಿ ಎಂದೂ ಹೇಳಿದ್ದನಂತೆ.

ನೀಲಾ ಫೋನು ಹಿಡಿದುಕೊಂಡೇ ಕೂತಳು. ಬರಲೆಂದು ಸುಳ್ಳು ಹೇಳಿದವನು, ಈಗ ಖರೇ ಹೇಳಿ, ಬರುವ ದಾರಿಯನ್ನೇ ಮುಚ್ಚಿಕೊಂಡಿದ್ದ.

ಮರುದಿನ ಅವಳೇ ರಾಜರತ್ನನಿಗೆ ಕರೆ ಮಾಡಿದಳು. ಗೆರೆ ಅಳಿಸಿಹೋಗಿದೆ, ಮೂರು ಗಂಟೆಗೆ ಬಂದು ಎಳೆಯಬೇಕು ಎಂದಳು.

ಅವನು ಬಂದ. ಕೊನೆಯ ಮೆಟ್ಟಿಲಿನಲ್ಲೇ ನಿಂತ, ಮಾಳಿಗೆಗೆ ಕಾಲಿಡಲಿಲ್ಲ. ನೀಲಾಳ ಕೈಯಲ್ಲಿ ಸೀಮೆಸುಣ್ಣವಿತ್ತು.

"ಮೊದಲ ಹೇಳ್ರಿ. ನಿಮ್ಮ ಮನಿ ಅಂತ ತಿಳಕೊಂಡು. ಯಾವುದು?"

"ತೇಜಕಿರಣ." ಈ ಸಲ ಅವನು ತಡಮಾಡಲಿಲ್ಲ.

"ಅದನ್ನ ನೋಡಾಕ ಬ್ಯಾರೆ ಯಾರೋ ಬರ್ತಾರ."

"ಹೂಂ ರಿ."

"ಮತ್ತ ನೀವು?"

ಅವನು ಅವಳ ಕೈಯಲ್ಲಿನ ಬಿಳಿ ತುಂಡನ್ನೇ ನೋಡಿದ.

"ನಿಮ್ಮನ್ನ ನೋಡಾಕ ಬರ್ತೇನಿ ಅಂದ್ರ... ಬ್ಯಾಡ ಅಂತೀರೇನು?"

ಹುಣಸೆಯ ನೆರಳು ಅವಳ ಪಾದದ ಹತ್ತಿರ ಬಂದಿತ್ತು.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ."

"ಹೋಗೂತನಕ ಬರ್ತೇನಿ."

ನೀಲಾ ಸೀಮೆಸುಣ್ಣ ಮುಂದೆ ಚಾಚಿದಳು.

"ಬರ್ರಿ. ಆದ್ರ ಕಾಲು ನೋಡಿ ಇಡ್ರಿ... ಅವ್ವ ಇವತ್ತ ಹಪ್ಪಳ ಹಾಕ್ಯಾಳ."